ಓದಿ ಹೇಳಿದ ಪ್ರಶ್ನೆ

"ಅಕ್ಕ, ನೀವು ಎಲ್ಲೀವರ್ಗೂ ಓದಿದೀರ?"

ಜೆರಾಕ್ಸ್ ಮೆಷೀನಿಗೆ ಹಾಳೆ ತುಂಬುತ್ತಿದ್ದ ಸುಧಾಮಣಿ ತಲೆಯೆತ್ತಿದಳು. ಎದುರಿನ ಡಿಗ್ರಿ ಕಾಲೇಜಿನ ಚೈತನ್ಯ ಮೇಡಂ ಕೌಂಟರಿನ ಮೇಲೆ ಎರಡೂ ಕೈಯೂರಿ ಏದುಸಿರು ಬಿಡುತ್ತಾ ನಿಂತಿದ್ದರು. ಹಾಲ್ ಟಿಕೆಟ್ಟಿನ ಪ್ರತಿ ಮಾಡಿಸಲು ಬಂದಿದ್ದ ಹುಡುಗರು ಅವರನ್ನು ಕಂಡು ಪಕ್ಕಕ್ಕೆ ಸರಿದರು.

"ಯಾಕೆ ಮೇಡಂ?"

"ಮೊದ್ಲು ಹೇಳಿ, ಅರ್ಜೆಂಟು."

"ಪಿಯುಸಿ. ಅಷ್ಟೇ."

"ಪಾಸಾಗಿದೆ ತಾನೆ?"

"ಹೂಂ, ಪಾಸೇ. ಮುಂದಕ್ಕೆ ಓದೋಕಾಗ್ಲಿಲ್ಲ."

"ಸದ್ಯ! ಡಿಗ್ರಿ ಆಗಿದ್ರೇನೇ ಕಷ್ಟ ಆಗ್ತಿತ್ತು. ಬನ್ನಿ ನನ್ಜೊತೆ. ಅಂಗಡಿ ಯಾರಿಗಾದ್ರೂ ನೋಡ್ಕೊಳ್ಳೋಕೆ ಹೇಳಿ."

ಕಡಿಮೆ ಓದಿದ್ದರಿಂದಲೇ ತನ್ನನ್ನು ಯಾರಾದರೂ ಕರೆಯಬಹುದು ಎಂದು ಸುಧಾಮಣಿ ಎಂದೂ ಅಂದುಕೊಂಡಿರಲಿಲ್ಲ. ಪಕ್ಕದ ಬೇಕರಿಯ ಸೀನುವಿಗೆ ಕೂಗಿ ಹೇಳಿ, ಸೆರಗು ಸಿಕ್ಕಿಸಿಕೊಂಡು, ಮೇಡಂ ಹಿಂದೆ ರಸ್ತೆ ದಾಟಿದಳು. ವಿಷಯ ಏನೆಂದು ಗೇಟಿನಿಂದ ಲೈಬ್ರರಿ ಮೆಟ್ಟಿಲಿನವರೆಗೆ ನಡೆಯುತ್ತಲೇ ಮೇಡಂ ಹೇಳಿದರು. ಫೈನಲ್ ಇಯರ್ ಬಿ.ಎ. ಓದುವ ಲಿಖಿತ್‌ಗೆ ಕಣ್ಣು ಕಾಣುವುದಿಲ್ಲ. ಪ್ರಶ್ನೆ ಓದಿ ಹೇಳಿ, ಅವನು ಹೇಳಿದ ಉತ್ತರ ಬರೆಯಲು ಒಬ್ಬರು ಬೇಕು. ಗೊತ್ತು ಮಾಡಿದ್ದ ಹುಡುಗನಿಗೆ ಬೆಳಗ್ಗೆಯಿಂದ ಡೆಂಗೆ ಜ್ವರ. ಬದಲಿಗಿದ್ದ ಹುಡುಗಿಗೆ ಮೊನ್ನೆಯಷ್ಟೇ ಡಿಗ್ರಿ ರಿಸಲ್ಟ್ ಬಂದಿದೆ. ಬರೆಯುವವರು ಪರೀಕ್ಷೆ ಕೊಡುವವನಿಗಿಂತ ಕಡಿಮೆ ಓದಿರಬೇಕು ಎಂಬುದು ನಿಯಮ.

"ಮೇಡಂ, ನಾನು ಪೆನ್ನು ಹಿಡಿದು ಎಷ್ಟು ವರ್ಷ ಆಯ್ತೋ."

"ಅವನು ಹೇಳ್ತಾನೆ, ನೀವು ಬರೀತೀರ. ನಿಮ್ಮ ಕಡೆಯಿಂದ ಏನೂ ಸೇರಿಸ್ಬೇಡಿ, ಏನೂ ಬಿಡ್ಬೇಡಿ. ಅಷ್ಟೇ."

ಅಷ್ಟೇ ಎನ್ನುತ್ತಲೇ ಮೇಡಂ ಎರಡೆರಡು ಮೆಟ್ಟಿಲು ಹಾರಿ ಹತ್ತಿದರು. ಕಾಲೇಜಿನ ವಿದ್ಯಾರ್ಥಿ ಸಹಾಯ ಕೇಂದ್ರ ಅಂದರೆ ಅವರೊಬ್ಬರೇ. ಲೈಬ್ರರಿಯ ಮೂಲೆಯ ಒಂದು ಕೋಣೆ, ಒಂದು ಕಂಪ್ಯೂಟರ್, ಬಾಗಿಲ ಮೇಲೊಂದು ಬೋರ್ಡು. ಫೀಸಿನ ತೊಂದರೆಯವರು, ಮುಂದೆ ಏನು ಓದಬೇಕೆಂದು ತಿಳಿಯದವರು, ಮನೆಯಲ್ಲಿ ಮದುವೆ ಗೊತ್ತು ಮಾಡಿದ್ದಾರೆಂದು ಅಳುವವರು, ಎಲ್ಲರೂ ಆ ಬಾಗಿಲನ್ನೇ ತಟ್ಟುತ್ತಿದ್ದರು.

ಹಳೆಯ ಪತ್ರಿಕೆಗಳ ಕಟ್ಟುಗಳನ್ನು ಗೋಡೆಗೊತ್ತಿ ಜೋಡಿಸಿದ್ದ ಕೋಣೆಯಲ್ಲಿ ಲಿಖಿತ್ ಕೂತಿದ್ದ. ತೆಳ್ಳನೆಯ ಹುಡುಗ. ಇಸ್ತ್ರಿ ಮಾಡಿದ ಅಂಗಿಯ ತೋಳನ್ನು ಮಣಿಕಟ್ಟಿನವರೆಗೂ ಇಳಿಸಿ ಗುಂಡಿ ಹಾಕಿದ್ದ. ಪರೀಕ್ಷೆಯ ಮೇಲ್ವಿಚಾರಕರು ಕಿಟಕಿಯ ಬಳಿ ಕುರ್ಚಿ ಎಳೆದುಕೊಂಡು ಗಡಿಯಾರ ನೋಡುತ್ತಿದ್ದರು.

"ನಮಸ್ಕಾರಪ್ಪ" ಎಂದಳು ಸುಧಾಮಣಿ.

"ಜೆರಾಕ್ಸ್ ಅಕ್ಕ ಅಲ್ವ!" ಅವನ ಮುಖ ಅರಳಿತು. "ಒಳ್ಳೇದಾಯ್ತು. ಗೊತ್ತಿರೋ ದನಿ."

ಅವಳಿಗೆ ಅದನ್ನು ಕೇಳಿ ಇನ್ನಷ್ಟು ಭಯವಾಯಿತು.

ಸಾರ್ವಜನಿಕ ಹಣಕಾಸಿನ ಪೇಪರು. ಅವನು ಹೇಳುತ್ತಾ ಹೋದ, ಅವಳು ಬರೆಯುತ್ತಾ ಹೋದಳು. ತಲೆಯಲ್ಲಿ ಮೊದಲೇ ಬರೆದಿಟ್ಟುಕೊಂಡವನ ಹಾಗೆ ನಿಲ್ಲಿಸದೆ ಹೇಳುತ್ತಿದ್ದ. ಅವಳ ಕೈ ಹಿಂದೆ ಬೀಳುತ್ತಿತ್ತು. 'ಸ್ಥಿತಿಸ್ಥಾಪಕತ್ವ' ಎಂಬ ಪದ ಬಂದಾಗ ಪೆನ್ನು ನಿಂತೇಹೋಯಿತು.

"ಸ ಬರೆದು ಥ ಒತ್ತು ಕೊಡಿ ಅಕ್ಕ. ಎರಡು ಕಡೇನೂ" ಎಂದ ಲಿಖಿತ್. "ಐದನೇ ಕ್ಲಾಸಿನವರ್ಗೂ ಕಾಣ್ತಿತ್ತು ನಂಗೆ. ಅಕ್ಷರ ಎಲ್ಲ ನೆನಪಿದೆ."

ಅವಳು ಬರೆದಳು. ಬೆರಳು ಮರಗಟ್ಟಿತು. ಒದರಿಕೊಂಡು ಮತ್ತೆ ಬರೆದಳು. ಕೊನೆಯ ದೊಡ್ಡ ಪ್ರಶ್ನೆಗೆ ಬರುವಷ್ಟರಲ್ಲಿ ಮೋಡ ಕವಿದು ಕೋಣೆ ಮಸುಕಾಗಿತ್ತು. ಮೇಲ್ವಿಚಾರಕರು "ಬೇಗ ಬೇಗ" ಎಂದರು. ಸುಧಾಮಣಿ ಪ್ರಶ್ನೆಪತ್ರಿಕೆಯನ್ನು ಕೈ ಚಾಚಿ ದೂರ ಹಿಡಿದು ಓದಿದಳು.

"ಪ್ರತ್ಯಕ್ಷ ತೆರಿಗೆಗಳ ಗುಣದೋಷಗಳನ್ನು ಚರ್ಚಿಸಿ."

ಲಿಖಿತ್ ತಲೆ ಓರೆ ಮಾಡಿದ. "ಪ್ರತ್ಯಕ್ಷಾನಾ? ಸರಿ" ಎಂದು ಶುರುಮಾಡಿದ. ಈ ಉತ್ತರವನ್ನು ಮಾತ್ರ ಅಲ್ಲಲ್ಲಿ ನಿಂತು, ಯೋಚಿಸಿ, ಹೇಳಿದ್ದನ್ನು ತಿದ್ದಿ ಹೇಳಿದ. ದಣಿದಿದ್ದಾನೆ ಎಂದುಕೊಂಡಳು ಅವಳು.

ಮುಗಿಸಿ ಹೊರಗೆ ಬಂದಾಗ ಗೇಟಿನ ಬಳಿ ಅವನ ತಾತ ಕಾಯುತ್ತಿದ್ದರು. ಬಿಳಿ ಪಂಚೆ, ಹೆಗಲ ಮೇಲೆ ಟವೆಲು, ಮರದಡಿ ನಿಲ್ಲಿಸಿದ ಸ್ಕೂಟರು. ಬೈರಣ್ಣ. ಸುಬ್ರಹ್ಮಣ್ಯಪುರದಲ್ಲಿ ರಾಗಿ ಬೆಳೆಯುತ್ತಿದ್ದ ಜಮೀನಿನಲ್ಲೀಗ ಅವರ ಮೂರು ಬಾಡಿಗೆ ಕಟ್ಟಡಗಳಿವೆ. ಅವಳಿಗೆ ಅವರ ಗುರುತಿತ್ತು. ಅವರಿಗೆ ಅವಳದ್ದಿರಲಿಲ್ಲ.

"ಪುಣ್ಯಾತ್ಗಿತ್ತಿ, ಒಳ್ಳೆ ಟೈಮ್ಗೆ ಬಂದೆ. ಯಾರ ಮನೆಯೋಳಮ್ಮ ನೀನು?"

"ನಿಮ್ಮೂರಿನೋಳೇ. ಪಿಳ್ಳಣ್ಣ ಇದ್ರಲ್ಲ, ಅವ್ರ ಸೊಸೆ."

"ಓ, ನಮ್ ಪಿಳ್ಳನ ಸೊಸೆನಾ!"

ಹೆಸರಿನ ಕೊನೆಯ 'ಅಣ್ಣ' ಬಿಟ್ಟುಹೋದದ್ದನ್ನು ಸುಧಾಮಣಿಯ ಕಿವಿ ಗಮನಿಸಿತು. ಅವಳ ಮಾವ ಇದೇ ಬೈರಣ್ಣನವರ ಹೊಲದಲ್ಲಿ ಬೆಳಕು ಹರಿದಾಗಿನಿಂದ ಕತ್ತಲಾಗುವವರೆಗೆ ದುಡಿದವರು. ಇವಳ ಗಂಡ ನರೇಂದ್ರ ಶಾಲೆ ಮುಗಿಸಿ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆದ ಮೇಲೆಯೇ ಆ ಮನೆಯ ಅಂಗಳ ತುಳಿಯುವುದು ನಿಂತದ್ದು. ಮುದುಕರ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅಭ್ಯಾಸ. ಅವಳು ನಕ್ಕು ಅಂಗಡಿಗೆ ಬಂದಳು. ಕೈ ನೋಯುತ್ತಿದ್ದರೂ ಮನಸ್ಸು ಹಗುರವಾಗಿತ್ತು.

ಆ ಹಗುರ ಉಳಿದದ್ದು ಸಂಜೆಯವರೆಗೆ. ಲಿಖಿತ್‌ನ ಕ್ಲಾಸಿನ ಅರ್ಪಿತ ಎಂಬ ಹುಡುಗಿ, ಜೂನಿಯರುಗಳಿಗೆ ಕೊಡಲೆಂದು ಪ್ರಶ್ನೆಪತ್ರಿಕೆಯ ಪ್ರತಿ ಮಾಡಿಸಲು ಬಂದಳು.

"ಲಿಖಿತ್ ಹೆಂಗೆ ಬರೆದ ಆಂಟಿ? ಅವನಿಗೇನು ಬಿಡಿ. ಕೊನೇ ಪ್ರಶ್ನೆ ಪರೋಕ್ಷ ತೆರಿಗೆ, ಲೈಬ್ರರೀಲಿ ಕೂರಿಸ್ಕೊಂಡು ನಮಗೆಲ್ಲ ಅವನೇ ಹೇಳ್ಕೊಟ್ಟಿದ್ದ."

"ಪ್ರತ್ಯಕ್ಷ ತೆರಿಗೆ ಅಲ್ವ?"

"ಅಯ್ಯೋ ಇಲ್ಲ ಆಂಟಿ, ಪರೋಕ್ಷ. ನೋಡಿ."

ಸುಧಾಮಣಿ ಹಾಳೆಯನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದಳು. ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡು ಕಂಡವು. ಕೈಯನ್ನು ಇನ್ನೂ ಚಾಚಿದಳು. ಪ, ರೋ, ಕ್ಷ. ಪರೋಕ್ಷ. ಒಂದು ವರ್ಷದಿಂದ ಚಾಳೀಸು ಬಂದಿದೆ ಎಂದು ಗೊತ್ತಿತ್ತು. ಹಾಳೆ ಹಾಕಿ ಗುಂಡಿ ಒತ್ತುವ ಕೆಲಸಕ್ಕೆ ಕನ್ನಡಕ ಯಾಕೆಂದು ಮುಂದೂಡಿದ್ದಳು.

"ಏನಾಯ್ತು ಆಂಟಿ?"

"ಏನಿಲ್ಲಮ್ಮ" ಎಂದು ಅವಳು ಮೆಷೀನಿನ ಮುಚ್ಚಳ ಮುಚ್ಚಿದಳು. ಅವನು 'ಪ್ರತ್ಯಕ್ಷಾನಾ' ಎಂದು ಕೇಳಿದ್ದ. ಕೇಳಿದಾಗಲೂ ಅವಳು ಮತ್ತೊಮ್ಮೆ ನೋಡಿರಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ನರೇಂದ್ರನಿಗೆ ಹೇಳಿದಳು. ಅವನು ತುತ್ತು ಕೈಯಲ್ಲೇ ಹಿಡಿದು ಕೇಳಿಸಿಕೊಂಡ.

"ಈಗ ಹೋಗಿ ಹೇಳಿದ್ರೆ ಪೇಪರ್ ವಾಪಸ್ ಬರುತ್ತಾ?"

"ಇಲ್ಲ."

"ಮತ್ತೆ? ಯಾರಿಗೂ ಹೇಳ್ಬೇಡ. ಬೇರೆಯವರ ಮನೆ ಆಗಿದ್ರೆ ಹೇಳು ಅಂತಿದ್ದೆ. ಆ ಮನೆಯವ್ರು ಏನಂತಾರೆ ಗೊತ್ತಾ? ಇವರ ಕೈಗೆ ಕೊಟ್ಟಿದ್ದೇ ತಪ್ಪು ಅಂತಾರೆ. ನಿನ್ನೊಬ್ಬಳನ್ನ ಅನ್ನಲ್ಲ. ನಮ್ಮೋರ್ನೆಲ್ಲ ಸೇರಿಸಿ ಅಂತಾರೆ."

ಒಳಗಿನಿಂದ ಅತ್ತೆ ಅಂಕಮ್ಮ, "ಅಂದ್ರೆ ಅನ್ಲಿ ಬುಡು, ಯಾವತ್ತು ತಾನೆ ಅಂದಿಲ್ಲ?" ಎಂದರು. ನರೇಂದ್ರ ಕೈಯಲ್ಲಿದ್ದ ತುತ್ತನ್ನು ಬಾಯಿಗಿಟ್ಟುಕೊಂಡ.

ಮಾರನೆಯ ದಿನ ಅಂಗಡಿ ತೆರೆಯುವ ಮೊದಲೇ ಅವಳು ಸಹಾಯ ಕೇಂದ್ರದ ಬಾಗಿಲಲ್ಲಿದ್ದಳು. ಒಳಗೆ ಚೈತನ್ಯ ಮೇಡಂ ಒಬ್ಬ ಹುಡುಗನಿಗೆ ದೂರಶಿಕ್ಷಣದಲ್ಲಿ ಯಾವ ಯಾವ ವಿಷಯ ಸಿಗುತ್ತವೆ ಎಂದು ವಿವರಿಸುತ್ತಿದ್ದರು. ಅವನು ಎದ್ದು ಹೋದ ಮೇಲೆ ಸುಧಾಮಣಿ ನಿಂತೇ ಎಲ್ಲವನ್ನೂ ಹೇಳಿದಳು. ಮೇಡಂ ಎದ್ದು ಬಾಗಿಲು ಹಾಕಿದರು.

"ಆನ್ಸರ್ ಶೀಟ್ ನಿನ್ನೇನೇ ಸೀಲ್ ಆಗಿ ಹೋಗಿದೆ ಅಕ್ಕ."

"ನಾನು ಓದಿದ್ದು ತಪ್ಪು ಅಂತ ಬರೆದು ಕೊಡ್ಲಾ?"

"ಬರೆದ್ರೆ ವಿಚಾರಣೆ ಅಂತಾರೆ. ಕೊನೇ ಗಳಿಗೇಲಿ ಹೊರಗಿನೋರನ್ನ ಕರ್ಕೊಂಬಂದಿದ್ದು ನಾನು. ಕೆಲಸ ನಂದಿನ್ನೂ ಪರ್ಮನೆಂಟ್ ಆಗಿಲ್ಲ." ಮೇಡಂ ಎರಡೂ ಅಂಗೈಗಳಿಂದ ಮುಖ ಒರೆಸಿಕೊಂಡರು. "ನನ್ನ ಚಿಂತೆ ಬಿಡಿ, ಅವನ ಬಗ್ಗೆ ಯೋಚ್ನೆ ಮಾಡಿ. ನಾಳೆ ಅವನಿಗೆ ಇನ್ನೊಂದು ಪೇಪರಿದೆ. ಈಗ ಹೇಳಿದ್ರೆ ಅದೂ ಹಾಳಾಗುತ್ತೆ. ಎಲ್ಲ ಮುಗೀಲಿ, ಆಮೇಲೆ ನಾವಿಬ್ರೂ ಕೂತು ಹೇಳೋಣ. ನಾಳೇನೂ ನೀವೇ ಬರ್ಬೇಕಂತೆ. ಅವನೇ ಕೇಳಿದಾನೆ."

"ನಾನಾ?"

"ಚೆನ್ನಾಗಿ ಓದಿ ಹೇಳ್ತಾರೆ ಅಂದ."

ಆ ಮಾತು ಅವಳ ಬೆನ್ನಿಗೆ ಅಂಟಿಕೊಂಡೇ ಬಂತು. ಮೇಡಂ ಇನ್ನೂ ಒಂದು ವಿಷಯ ಹೇಳಿದ್ದರು. ಲಿಖಿತ್‌ಗೆ ಯೂನಿವರ್ಸಿಟಿಯಲ್ಲಿ ಅರ್ಥಶಾಸ್ತ್ರ ಎಂ.ಎ. ಮಾಡುವ ಆಸೆ. ಕಣ್ಣು ಕಾಣದ ಹುಡುಗ ಬಸ್ಸು ಬದಲಿಸಿಕೊಂಡು ಅಷ್ಟು ದೂರ ಯಾಕೆ ಹೋಗಬೇಕು, ಬಾಡಿಗೆ ಬರುತ್ತದೆ, ಮನೆಯಲ್ಲೇ ಹಾರ್ಮೋನಿಯಂ ಕಲಿಯಲಿ ಎಂಬುದು ತಾತನ ವಾದ. ಕೊನೆಗೆ ಇಬ್ಬರೂ ಒಂದು ಮಾತಿಗೆ ಬಂದಿದ್ದರು. ಫಸ್ಟ್ ಕ್ಲಾಸ್ ಬಂದರೆ ಎಂ.ಎ., ಬರದಿದ್ದರೆ ಮನೆ.

ಮಧ್ಯಾಹ್ನ ಬೈರಣ್ಣನವರ ಸ್ಕೂಟರು ಅಂಗಡಿ ಮುಂದೆ ನಿಂತಿತು. ಮುದುಕರು ಇಳಿಯದೆ ಕೈ ಚಾಚಿ ಒಂದು ಕವರು ಕೊಟ್ಟರು. ಒಳಗೆ ಬಾಳೆಲೆಯಲ್ಲಿ ಸುತ್ತಿದ ಹಲಸಿನ ತೊಳೆಗಳು.

"ಹಿತ್ಲಲ್ಲಿ ಒಂದ್ ಮರ ಉಳಿಸ್ಕೊಂಡಿವ್ನಿ. ಕಟ್ಟಡ ಕಟ್ಟೋವಾಗ ಕಡೀಲಿಲ್ಲ. ತಿನ್ನು, ಜೇನಿದ್ದಂಗೈತೆ. ನಮ್ ಹುಡ್ಗ ನಿನ್ ಹೆಸ್ರು ಒಂದೇ ಹೇಳ್ತಾನೆ."

"ಬೇಡಿತ್ತು ಸ್ವಾಮಿ, ಯಾಕೆ ಸುಮ್ನೆ" ಎಂದಳು ಅವಳು. ಅವರು ಸ್ಕೂಟರು ತಿರುಗಿಸಿಯಾಗಿತ್ತು.

ಮನೆಗೆ ತಂದ ಹಣ್ಣನ್ನು ಅಂಕಮ್ಮ ಬಾಳೆಲೆ ಬಿಚ್ಚಿ ನೋಡಿದರು. "ಇದು ಆ ಹಿತ್ಲ ಮರದ್ದೇ. ನಿಮ್ಮಾವ ಹತ್ತಿ ಕೀಳೋರು" ಎಂದು ಒಂದು ತೊಳೆ ಬಾಯಿಗಿಟ್ಟು ನಿಧಾನವಾಗಿ ಜಗಿದರು. ಸುಧಾಮಣಿಗೆ ಮುಟ್ಟಲಾಗಲಿಲ್ಲ. ಅಡುಗೆಮನೆಯ ತುಂಬ ಹಣ್ಣಿನ ವಾಸನೆ. ಬಾಗಿಲು ತೆರೆದಿಟ್ಟರೂ ಹೋಗಲಿಲ್ಲ.

ಪರೀಕ್ಷೆಯ ದಿನ ಅವಳು ಬೆಳಗ್ಗೆಯೇ ಬನಶಂಕರಿ ಬಸ್ ನಿಲ್ದಾಣದ ಫುಟ್‌ಪಾತಿನಲ್ಲಿ ಕನ್ನಡಕ ಮಾರುವವನ ಹತ್ತಿರ ಹೋಗಿ, ಒಂದೊಂದೇ ಹಾಕಿಕೊಂಡು ಅವನ ಬಳಿಯಿದ್ದ ದಿನಪತ್ರಿಕೆಯ ಸಣ್ಣ ಅಕ್ಷರ ಓದಿ ನೋಡಿ, ಒಂದನ್ನು ಆರಿಸಿಕೊಂಡು ಬಂದಳು. ಹೇಳಬಾರದು ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡಳು. ಗಂಡ ಹೇಳಿದ್ದೂ ಅದೇ, ಮೇಡಂ ಹೇಳಿದ್ದೂ ಅದೇ. ಇನ್ನು ಕೆಲವೇ ಪೇಪರು. ಆಮೇಲೆ.

ಕೋಣೆಯಲ್ಲಿ ಲಿಖಿತ್ ಒಬ್ಬನೇ ಇದ್ದ. ಮೇಲ್ವಿಚಾರಕರು ಪ್ರಶ್ನೆಪತ್ರಿಕೆ ತರಲು ಹೋಗಿದ್ದರು. ಅವನು ಒಂದು ಕಿವಿಯ ಬಳಿ ಬೆರಳುಗಳನ್ನು ಉಜ್ಜಿ, ಆಮೇಲೆ ಇನ್ನೊಂದರ ಬಳಿ ಉಜ್ಜಿ, ತಲೆ ಓರೆ ಮಾಡಿ ಏನನ್ನೋ ಆಲಿಸುತ್ತಿದ್ದ. ಅವಳ ಹೆಜ್ಜೆ ಕೇಳಿ ಕೈ ಇಳಿಸಿದ. ಮೊನ್ನೆಯ ಮುಖವಲ್ಲ ಅದು. ಎರಡು ರಾತ್ರಿ ನಿದ್ದೆಯಿಲ್ಲದವನ ಮುಖ.

"ಅಕ್ಕ, ಒಂದು ರಿಕ್ವೆಸ್ಟ್. ಇವತ್ತು ಪ್ರತಿ ಪ್ರಶ್ನೇನೂ ಎರಡೆರಡು ಸಲ ಓದಿ. ಸ್ವಲ್ಪ ಜೋರಾಗಿ."

"ಯಾಕಪ್ಪ?"

ಅವನು ಬೆಂಚಿನ ಅಂಚನ್ನು ಸವರುತ್ತಾ ಕೂತ. ಹೇಳುವುದೋ ಬೇಡವೋ ಎಂದು ಯೋಚಿಸುವಂತಿತ್ತು.

"ಯಾರಿಗೂ ಹೇಳ್ಬೇಡಿ, ತಾತಂಗಂತೂ ಬೇಡ. ಮೊನ್ನೆ ಕೊನೇ ಪ್ರಶ್ನೆ ಪರೋಕ್ಷ ತೆರಿಗೆ ಅಂತೆ. ಅರ್ಪಿತ ಹೇಳಿದ್ಲು. ನಂಗೆ ಪ್ರತ್ಯಕ್ಷ ಅಂತ ಕೇಳಿಸ್ತು." ಅವನು ಬಾಗಿಲ ಕಡೆ ಕಿವಿಗೊಟ್ಟು ದನಿ ತಗ್ಗಿಸಿದ. "ನನ್ನ ಕಣ್ಣು ಹೋಯ್ತಲ್ಲ, ಆ ಕಾಯಿಲೇಲಿ ಕೆಲವರಿಗೆ ಕಿವೀನೂ ಹೋಗುತ್ತಂತೆ. ಡಾಕ್ಟರ್ ಒಂದ್ಸಲ ಹೇಳಿದ್ರು. ಯಾವಾಗ್ಲಾದ್ರೂ ಶುರುವಾಗ್ಬಹುದು, ಮೊದಮೊದ್ಲು ಅಕ್ಷರ ಅದಲು ಬದಲು ಕೇಳಿಸುತ್ತೆ ಅಂತ. ನಿನ್ನೆಯಿಂದ ನಂಗೆ ನಾನೇ ಟೆಸ್ಟ್ ಮಾಡ್ಕೋತಿದೀನಿ. ಒಮ್ಮೆ ಸರಿ ಇದೆ ಅನ್ಸುತ್ತೆ, ಒಮ್ಮೆ ಇಲ್ಲ ಅನ್ಸುತ್ತೆ. ಕಿವೀನೂ ಹೋದ್ರೆ ನಾನು..."

ಅವನು ಮತ್ತೆ ಬೆರಳುಗಳನ್ನು ಕಿವಿಯ ಬಳಿ ಒಯ್ದ.

ಸುಧಾಮಣಿ ಕಟ್ಟಿದ ಪತ್ರಿಕೆಗಳ ಮೇಲೆ ಕೈಯಿಟ್ಟು ನಿಂತಳು. ಎರಡು ದಿನದಿಂದ ಅವಳು ಲೆಕ್ಕ ಹಾಕಿದ್ದು ಬರೀ ಅಂಕ, ಬೈಗುಳ, ಮಾನ. ಈ ಹುಡುಗ ಕತ್ತಲೆಯಲ್ಲಿ ಕೂತು ತನ್ನ ಕಿವಿಯನ್ನು ತಾನೇ ಅನುಮಾನಿಸುತ್ತಿರಬಹುದು ಎಂದು ಅವಳಿಗೆ ಹೊಳೆದಿರಲಿಲ್ಲ. ಹೊರಗೆ ಮೇಲ್ವಿಚಾರಕರ ಚಪ್ಪಲಿಯ ಸದ್ದು ಹತ್ತಿರವಾಗುತ್ತಿತ್ತು.

"ಲಿಖಿತ್, ನಿನ್ನ ಕಿವಿಗೇನೂ ಆಗಿಲ್ಲ ಕಣೋ. ನಾನು ಓದಿದ್ದೇ ತಪ್ಪು."

ಅವನು ಮುಖವನ್ನು ಅವಳ ದನಿಯ ಕಡೆ ತಿರುಗಿಸಿದ.

"ಪರೋಕ್ಷ ಅಂತಿತ್ತು. ನಾನು ಪ್ರತ್ಯಕ್ಷ ಅಂತ ಓದ್ದೆ. ನಂಗೆ ಚಾಳೀಸು ಬಂದಿದೆ, ಅಕ್ಷರ ಸರಿಯಾಗಿ ಕಾಣ್ಲಿಲ್ಲ. ನೀನು ತಿರುಗಿ ಕೇಳ್ದಾಗ್ಲೂ ನಾನು ನೋಡ್ಲಿಲ್ಲ. ಅವತ್ತು ಸಾಯಂಕಾಲಾನೇ ಗೊತ್ತಾಯ್ತು ನಂಗೆ."

"ನೀವು ಪ್ರತ್ಯಕ್ಷ ಅಂತಲೇ ಹೇಳಿದ್ರಾ? ಬಾಯಿಬಿಟ್ಟು?"

"ಪ್ರತ್ಯಕ್ಷ ಅಂತಲೇ."

"ಅಂದ್ರೆ ನಾನು ಸರಿಯಾಗೇ ಕೇಳಿಸ್ಕೊಂಡೆ."

"ಸರಿಯಾಗೇ."

ಅವನು ಹಣೆಯನ್ನು ಬೆಂಚಿಗೆ ಒತ್ತಿಕೊಂಡ. ಬೆನ್ನು ಒಂದೆರಡು ಸಲ ಏರಿಳಿಯಿತು. ಅಳುತ್ತಿದ್ದಾನೋ ನಗುತ್ತಿದ್ದಾನೋ ಅವಳಿಗೆ ತಿಳಿಯಲಿಲ್ಲ. ಮೇಲ್ವಿಚಾರಕರು ಒಳಗೆ ಬಂದು, "ಏನ್ರೀ, ಹುಷಾರಿಲ್ವಾ?" ಎಂದರು.

"ಹುಷಾರಾಗಿದೀನಿ ಸಾರ್" ಎಂದು ಲಿಖಿತ್ ತಲೆಯೆತ್ತಿ ಮುಖ ಒರೆಸಿಕೊಂಡ. "ಓದಿ ಅಕ್ಕ."

ಅವಳು ಹೊಸ ಕನ್ನಡಕ ಹಾಕಿಕೊಂಡು, ಒಂದೊಂದು ಪ್ರಶ್ನೆಯ ಅಡಿಯಲ್ಲೂ ಬೆರಳಿಟ್ಟು, ಎರಡೆರಡು ಸಲ ಓದಿದಳು. ಅವನು ಹೇಳಿದ, ಅವಳು ಬರೆದಳು. ಅರ್ಧ ಪೇಪರು ಮುಗಿಯಿತು. ಮೇಲ್ವಿಚಾರಕರು ನೀರು ಕುಡಿಯಲು ಹೊರಗೆ ಹೋದಾಗ ಅವನು ತಗ್ಗಿದ ದನಿಯಲ್ಲಿ ಕೇಳಿದ.

"ಎರಡು ದಿನ ಇತ್ತಲ್ಲ ಅಕ್ಕ. ನನ್ನ ನಂಬರ್ ಮೇಡಂ ಹತ್ರ ಇತ್ತು. ಒಂದು ಫೋನ್ ಮಾಡೋಕಾಗ್ಲಿಲ್ವಾ?"

ಗಂಡ ಹೇಳಿದ, ಮೇಡಂ ಹೇಳಿದರು ಎನ್ನಬಹುದಿತ್ತು. ಅನ್ನಲಿಲ್ಲ.

"ಹೆದರಿಕೊಂಡೆ" ಎಂದಳು.

ಅವನು ತಲೆಯಾಡಿಸಿದ. ಒಪ್ಪಿಕೊಂಡ ತಲೆಯಾಟ ಅದಲ್ಲ, ಕೇಳಿಸಿತು ಎನ್ನುವಷ್ಟೇ. "ಮುಂದಿನ ಪ್ರಶ್ನೆ ಓದಿ" ಎಂದ.

ಗೇಟಿನ ಬಳಿ ಲಿಖಿತ್ ತಾನೇ ತಾತನಿಗೆ ಹೇಳಿದ. ಮೊನ್ನೆ ಒಂದು ದೊಡ್ಡ ಪ್ರಶ್ನೆ ಅಕ್ಕ ತಪ್ಪು ಓದಿದ್ರಿಂದ ತಪ್ಪು ಉತ್ತರ ಬರೆದೆ ಎಂದು ಇದ್ದದ್ದನ್ನು ಇದ್ದ ಹಾಗೆ. ಸುಧಾಮಣಿ ಅಲ್ಲೇ ನಿಂತಿದ್ದಳು. ಬೈರಣ್ಣ ಟವೆಲನ್ನು ಈ ಹೆಗಲಿನಿಂದ ಆ ಹೆಗಲಿಗೆ ಹಾಕಿಕೊಂಡರು. ಅವಳನ್ನು ನೋಡಿದರು. ಮೊಮ್ಮಗನನ್ನು ಸ್ಕೂಟರಿಗೆ ಹತ್ತಿಸಿಕೊಂಡು ಹೊರಟುಹೋದರು. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಅವಳಿಗೆ.

ವಿಷಯ ಬಯಲಾದ ಮೇಲೆ, ಉಳಿದ ಪೇಪರುಗಳಿಗೆ ಮೇಡಂ ಬೇರೊಬ್ಬ ಪಿಯುಸಿ ಹುಡುಗನನ್ನು ಗೊತ್ತು ಮಾಡಿದರು. ಪರೀಕ್ಷೆಯ ದಿನಗಳಲ್ಲಿ ಸುಧಾಮಣಿ ಕೌಂಟರಿನಿಂದಲೇ ನೋಡುತ್ತಿದ್ದಳು. ಸ್ಕೂಟರು ಬರುವುದು, ಹುಡುಗ ಇಳಿಯುವುದು, ಕೋಲು ಬಿಡಿಸಿಕೊಂಡು ಗೇಟಿನೊಳಗೆ ನಡೆಯುವುದು. ಆಮೇಲೆ ಪರೀಕ್ಷೆ ಮುಗಿದು, ರಜೆ ಬಂದು, ಅಂಗಡಿಯ ವ್ಯಾಪಾರ ಬಿದ್ದುಹೋಯಿತು. ಚೈತನ್ಯ ಮೇಡಂ ಎದುರಿಗೆ ಸಿಕ್ಕರೆ ಇಬ್ಬರೂ ಮಳೆಯ ಬಗ್ಗೆ ಮಾತಾಡುತ್ತಿದ್ದರು.

ರಿಸಲ್ಟ್ ಬಂದದ್ದು ಅವಳಿಗೆ ಅರ್ಪಿತಳಿಂದ ತಿಳಿಯಿತು. ಲಿಖಿತ್ ಎಲ್ಲದರಲ್ಲೂ ಪಾಸು. ಫಸ್ಟ್ ಕ್ಲಾಸ್ ಮಾತ್ರ ಸ್ವಲ್ಪದರಲ್ಲಿ ತಪ್ಪಿದೆ. ಯಾವ ಪೇಪರಿನಲ್ಲಿ ಕಡಿಮೆ ಎಂದು ಸುಧಾಮಣಿ ಕೇಳಲಿಲ್ಲ. ಆ ದಿನ ಬಂದವರಿಗೆ ಎರಡು ಸಲ ತಲೆಕೆಳಗಾಗಿ ಪ್ರತಿ ತೆಗೆದುಕೊಟ್ಟಳು. ಸಂಜೆ ಮನೆಯಲ್ಲಿ ನರೇಂದ್ರನಿಗೂ ಹೇಳಲಿಲ್ಲ.

ಅದಾಗಿ ಒಂದು ವಾರಕ್ಕೆ, ಅಂಗಡಿಯಲ್ಲಿ ಅಡ್ಮಿಷನ್ನಿನ ಜನ ತುಂಬಿದ್ದಾಗ, ಬೈರಣ್ಣನವರ ಸ್ಕೂಟರು ರಸ್ತೆಯ ಆಚೆ ಬದಿಯಲ್ಲಿ ನಿಂತಿತು. ಮೊಮ್ಮಗನ ತೋಳು ಹಿಡಿದುಕೊಂಡು ರಸ್ತೆ ದಾಟಿ ಬಂದು, ಮುದುಕರು ಕೌಂಟರಿನ ಮುಂದಿದ್ದ ಹುಡುಗರನ್ನು ಸರಿಸಿ ನಿಂತರು. ಸುಧಾಮಣಿ ಕೈಯಲ್ಲಿದ್ದ ಹಾಳೆಗಳನ್ನು ಮೆಷೀನಿನ ಮೇಲಿಟ್ಟಳು.

"ನಿನ್ನ ಒಂದ್ ಮಾತ್ ಕೇಳಾಣ ಅಂತ ಬಂದೆ."

"ಕೇಳಿ ಸ್ವಾಮಿ."

"ಇವ್ನು 'ತಾತ, ಫಸ್ಟ್ ಕ್ಲಾಸ್ ಬರ್ಲಿಲ್ಲ, ಕೊಟ್ ಮಾತ್ನಂಗೆ ಮನೇಲೇ ಇರ್ತೀನಿ' ಅಂತಾವ್ನೆ. ಎರಡ್ ದಿನದಿಂದ ಹಾರ್ಮೋನಿಯಂ ಮುಂದೆ ಕುಂತವ್ನೆ. ಒಂದ್ ಸ್ವರಾನೂ ನುಡ್ಸಿಲ್ಲ." ಬೈರಣ್ಣ ಮುಂದಕ್ಕೆ ಬಾಗಿದರು. "ದಿಟ ಹೇಳ್ಬೇಕು ನೀನು. ಆ ಪ್ರಶ್ನೆನ ನೆಟ್ಗೆ ಓದಿದ್ರೆ ಇವ್ನು ಬರೀತಿದ್ನಾ? ಇಲ್ಲ, ಗೊತ್ತಿಲ್ದೆ ಹೋಗಿ ಆಮೇಲೆ ನಿನ್ಮೇಲೆ ಹಾಕ್ತಾವ್ನಾ?"

ಅಂಗಡಿಯಲ್ಲಿದ್ದವರೆಲ್ಲ ಅವಳ ಕಡೆ ನೋಡಿದರು. ಬೇಕರಿಯ ಸೀನು ಚಹಾ ಸೋಸುತ್ತಿದ್ದವನು ನಿಲ್ಲಿಸಿದ. ಗಂಡ ಹೇಳಿದ ಮಾತು ನೆನಪಾಯಿತು ಅವಳಿಗೆ. ನಮ್ಮೋರ್ನೆಲ್ಲ ಸೇರಿಸಿ ಅಂತಾರೆ.

"ಬರೀತಿದ್ದ" ಎಂದಳು. "ಅವನೇ ಬೇರೆಯವರಿಗೆಲ್ಲ ಹೇಳಿಕೊಟ್ಟಿದ್ದ ಪ್ರಶ್ನೆ ಅದು. ತಪ್ಪು ನಂದು. ನಂಗೆ ಅಕ್ಷರ ಕಾಣಲ್ಲ ಅಂತ ನಾನೇ ಹೇಳ್ಬೇಕಿತ್ತು."

"ಬರೆದಿದ್ರೆ ಆ ಕ್ಲಾಸು ಬತ್ತಿತ್ತಾ?"

"ಬರ್ತಿತ್ತು."

ಬೈರಣ್ಣ ಅವಳ ಮುಖವನ್ನೇ ನೋಡಿದರು. ಲಿಖಿತ್ ಒಬ್ಬರ ದನಿಯಿಂದ ಇನ್ನೊಬ್ಬರ ದನಿಯ ಕಡೆಗೆ ಮುಖ ತಿರುಗಿಸುತ್ತಿದ್ದ.

"ಅಂಗಾದ್ರೆ ಬಂದಂಗೇ ಲೆಕ್ಕ" ಎಂದರು ಮುದುಕರು. ಅಂಗಿಯ ಜೇಬಿನಿಂದ ನಾಲ್ಕು ಮಡಿಕೆ ಮಾಡಿದ ಅಂಕಪಟ್ಟಿ ತೆಗೆದು ಕೌಂಟರಿನ ಮೇಲೆ ಹರಡಿ ಅಂಗೈಯಿಂದ ಸವರಿದರು. "ಎಷ್ಟ್ ಕಾಪಿ ಬೇಕೋ ತೆಗಿ. ಎಂ.ಎ.ಗೆ ಇದೇ ವಾರ ಹಾಕ್ಬೇಕಂತೆ. ಆ ಮೇಡಮ್ಮು ಹೇಳ್ತು."

"ತಾತ..." ಎಂದ ಲಿಖಿತ್.

"ಸುಮ್ಕಿರು. ಬಸ್ಸಲ್ಲಿ ಎಂಗೋಯ್ತೀಯೋ ಅದನ್ನ ಯೋಚ್ನೆ ಮಾಡು."

ಸುಧಾಮಣಿ ಕನ್ನಡಕ ಹಾಕಿಕೊಂಡು ಪ್ರತಿ ತೆಗೆದಳು. ಎಲ್ಲ ಅಂಕಿಗಳೂ ಸ್ಪಷ್ಟವಾಗಿ ಬಂದಿವೆಯೇ ಎಂದು ನೋಡಿ ಜೋಡಿಸಿ ಕೊಟ್ಟಳು. ಬೈರಣ್ಣ ಅವುಗಳನ್ನು ಎಣಿಸದೆ ಎದೆಗೆ ಅವಚಿಕೊಂಡರು. ಲಿಖಿತ್ ಕೌಂಟರಿನ ಮೇಲೆ ಕೈಯಾಡಿಸಿ ಅಂಚು ಸಿಕ್ಕ ಮೇಲೆ, "ಬರ್ತೀನಿ ಅಕ್ಕ" ಎಂದ. ಆ ದನಿಯಲ್ಲಿ ಮೊದಲ ದಿನದ ಸಲಿಗೆ ಇರಲಿಲ್ಲ. ಕೋಪವೂ ಇರಲಿಲ್ಲ.

ಇಬ್ಬರೂ ಫುಟ್‌ಪಾತಿನ ಅಂಚಿಗೆ ಹೋಗಿ ನಿಂತರು. ಬಸ್ಸು, ಆಟೊ, ಬೈಕುಗಳು ಬಿಡದೆ ಹರಿಯುತ್ತಿದ್ದವು. ಬೈರಣ್ಣ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಒಂದು ಹೆಜ್ಜೆ ಇಳಿದು ಮತ್ತೆ ಹತ್ತಿದರು. ಲಿಖಿತ್ ಮುಖವನ್ನು ಸ್ವಲ್ಪ ಮೇಲೆತ್ತಿ, ರಸ್ತೆಯ ಸದ್ದಿಗೆ ಕಿವಿಗೊಟ್ಟು ನಿಂತಿದ್ದ. ನಂತರ ತಾತನ ಮೊಣಕೈ ಮುಟ್ಟಿ, "ಈಗ" ಎಂದ. ಮುದುಕರು ರಸ್ತೆ ನೋಡುವುದನ್ನು ಬಿಟ್ಟು ಅವನ ಜೊತೆ ಇಳಿದರು.